ಸೋಪು ಹಾಕಿ ತೊಳೆದ ಲಾಳಿಕೆ

ಕಾರಿನ ಎಣ್ಣೆಯ ಫಿಲ್ಟರನ್ನು ಕತ್ತರಿಸಿ ಬಿಚ್ಚಿದಾಗ ಒಳಗೆಲ್ಲ ಗೋಂದಿನಂಥ ಕಂದು ಮುದ್ದೆ ತುಂಬಿತ್ತು. ಲೇತ್ ಮೇಸ್ತ್ರಿ ಅದನ್ನು ಎರಡು ಬೆರಳಲ್ಲಿ ಎಳೆದು ನೋಡಿದ. ಮೂವತ್ತೈದು ವರ್ಷ ಇಂಜಿನ್ನುಗಳ ಹೊಟ್ಟೆಯೊಳಗೆ ಕೈಯಾಡಿಸಿದವನು, ಇಂಥದನ್ನು ಕಂಡಿರಲಿಲ್ಲ.

"ಇದನ್ನ ಯಾರೋ ಬೇಕಂತಲೇ ಮಾಡಿದ್ದಾರೆ, ಚಿಕ್ಕಪ್ಪ," ಎಂದಳು ಪುಟ್ಟಿ. ಮಾತು ಮೇಸ್ತ್ರಿಯ ಜೊತೆ, ಕಣ್ಣು ಮೆಕ್ಯಾನಿಕ್ ಗಡ್ಡಣ್ಣನ ಮೇಲೆ.

ಆ ಎರಡು ಬಾಗಿಲಿನ ಹಳೇ ಕಾರು ಪುಟ್ಟಿಯ ತಂದೆಯದು, ಅವರು ಮೇಸ್ತ್ರಿಯ ಜೀವದ ಗೆಳೆಯ. ಅವರು ತೀರಿಕೊಂಡ ಮೇಲೆ ಮನೆಗೆ ಅಂಟಿದ ಶೆಡ್ಡಿನಲ್ಲಿ ಎಂಟು ವರ್ಷ ಟಾರ್ಪಾಲಿನಡಿ ಮಲಗಿದ್ದ ಗಾಡಿಯನ್ನು ಮಗಳು ಮತ್ತೆ ಎಬ್ಬಿಸಿದ್ದಳು. ದಿನಾ ಬೀದಿಯಲ್ಲೂ ಓಡಬೇಕು, ಭಾನುವಾರದ ಕಾಲು ಮೈಲಿಯ ಓಟದಲ್ಲೂ ಬಾಣದ ಹಾಗೆ ಹೋಗಬೇಕು ಎಂಬುದು ಅವಳ ಹಟ. ಪಿಸ್ಟನ್ನು, ಕ್ಯಾಮು, ಕಾರ್ಬುರೇಟರು ಎಲ್ಲಕ್ಕೂ ತಲೆದೂಗಿದ ಗಡ್ಡಣ್ಣ ಎಣ್ಣೆಯ ವಿಷಯಕ್ಕೆ ಮಾತ್ರ ಪಟ್ಟು ಹಿಡಿದ. ಬಿಗಿಯಾದ ಹೊಸ ಇಂಜಿನ್ನಿಗೆ ತೆಳು ಎಣ್ಣೆಯೇ ಸರಿ, ಬೆಳಗಿನ ಚಳಿಯಲ್ಲೂ ಥಟ್ಟನೆ ಮೇಲೇರುತ್ತದೆ ಎಂದು ಅವನು. ಅಪ್ಪ ಹಾಕುತ್ತಿದ್ದಂಥ ಮಂದ ಎಣ್ಣೆಯೇ ಆಗಬೇಕೆಂದು ಅವಳು. ಮೇಸ್ತ್ರಿಗೆ ಬೇರೆಯೇ ಕೊರಗು. "ಎಲ್ಲಾ ಸರಿ ಅತ್ತಿಗೆ, ಆದ್ರೆ ಆ ಹಳೇ ವಾಸನೆಯೊಂದು ಇನ್ನು ಬರಲ್ಲ," ಎಂದು ಟೀ ಕುಡಿಯುತ್ತ ಪುಟ್ಟಿಯ ಅಮ್ಮನ ಎದುರು ಹೇಳಿಕೊಂಡಿದ್ದ.

ಕೊನೆಗೆ ಪುಟ್ಟಿಯ ಮಾತೇ ನಡೆಯಿತು. "ಇಂಜಿನ್ ಕೈಕೊಟ್ರೆ ನನ್ನ ಕೇಳ್ಬೇಡ," ಎಂದು ಗಡ್ಡಣ್ಣ ಮುಖ ಊದಿಸಿಕೊಂಡೇ ಮಂದ ಎಣ್ಣೆ ಸುರಿದ. ನಿನ್ನೆ ಮಧ್ಯಾಹ್ನ ಇಬ್ಬರೂ ಊಟ ಮುಗಿಸಿ ಬಂದ ಮೇಲೆ ಪುಟ್ಟಿ ಕಾರು ಹೊರಗೆ ತೆಗೆದಳು. ಬೀದಿಯ ತುದಿ ಮುಟ್ಟಿ ತಿರುಗುವಷ್ಟರಲ್ಲಿ ಎಣ್ಣೆಯ ಒತ್ತಡ ಸೊನ್ನೆಗಿಳಿದು ಬೇರಿಂಗುಗಳು ಗೀಚಿಹೋದವು.

"ನಿನ್ನ ಮಾತೇ ಗೆಲ್ಲಲಿ ಅಂತ ಏನು ಬೆರೆಸಿದೆ, ಗಡ್ಡಣ್ಣ?"

ಗಡ್ಡಣ್ಣ ಗೋಡೆಯ ಹಲಗೆಯ ಕಡೆ ತಿರುಗಿದ. ಸ್ಪ್ಯಾನರುಗಳನ್ನು ಒಂದೊಂದಾಗಿ ತನ್ನ ಪೆಟ್ಟಿಗೆಗೆ ಹಾಕತೊಡಗಿದ. ಪುಟ್ಟಿಯ ತಂದೆಯ ಕೈಕೆಳಗೇ ಕೆಲಸ ಕಲಿತು, ಇಪ್ಪತ್ತು ವರ್ಷ ಆ ಮನೆಯ ಮಗನಂತೆ ಇದ್ದವನು. ಪೆಟ್ಟಿಗೆ ಮುಚ್ಚಿದನೆಂದರೆ ಮತ್ತೆ ಈ ಹೊಸ್ತಿಲು ತುಳಿಯುವವನಲ್ಲ. ಅದು ಮೇಸ್ತ್ರಿಗೆ ಗೊತ್ತಿತ್ತು. ಒಂದೇ ಉಸಿರಿಗೆ ಮಹಡಿ ಹತ್ತಿದ.

ಮಹಡಿಯ ಬಾಡಿಗೆ ಕೋಣೆಯಲ್ಲಿ ಸರ್ವೇಯರಮ್ಮ ಇದ್ದರು. ಅಪಘಾತವಾದ ಗಾಡಿಗಳನ್ನು ವಿಮೆ ಕಂಪನಿಗಾಗಿ ಮೂವತ್ತು ವರ್ಷ ಪರೀಕ್ಷಿಸಿ ನಿವೃತ್ತರಾದವರು. ಬೀದಿಯಲ್ಲಿ ಒಂದು ಜಾಕ್ ಕಳೆದರೂ ಜನ ತಟ್ಟುತ್ತಿದ್ದುದು ಅವರ ಬಾಗಿಲನ್ನೇ. ಪ್ರತಿ ಸಲವೂ ಬಾಲದ ಹಾಗೆ ಅವರ ಹಿಂದೆ ಹೋಗುತ್ತಿದ್ದವನು ಮೇಸ್ತ್ರಿ.

ಕೆಳಗಿಳಿದು ಬಂದ ಅವರು ಇಂಜಿನ್ನಿನೊಳಗಿನ ಅಳತೆಕಡ್ಡಿಯನ್ನು ಎಳೆದು ನೋಡಿದರು. "ಎಣ್ಣೆ ಗೆರೆಗಿಂತ ಒಂದು ಬೆರಳು ಮೇಲಿದೆ."

"ಗೆರೆ ಮುಟ್ಟೋವರೆಗೆ ಮಾತ್ರ ಹಾಕಿದ್ದು. ಪುಟ್ಟೀನೇ ನೋಡಿದ್ಲು," ಎಂದ ಗಡ್ಡಣ್ಣ. ಪುಟ್ಟಿ ಬೇರೆ ದಾರಿಯಿಲ್ಲದೆ ಹೌದೆಂದಳು.

ಸರ್ವೇಯರಮ್ಮ ಎಣ್ಣೆಯ ಮುಚ್ಚಳದ ಸುತ್ತ ಬೆರಳಾಡಿಸಿದರು. ಒಂದು ತೊಟ್ಟೂ ಚೆಲ್ಲಿರಲಿಲ್ಲ. ಮೊಳೆಗೆ ನೇತುಹಾಕಿದ್ದ, ಎಣ್ಣೆ ಸುರಿಯುವ ಲಾಳಿಕೆ ತಳತಳ ಹೊಳೆಯುತ್ತಿತ್ತು. ಅದನ್ನು ತೆಗೆದು ಮೂಸಿದರು.

"ಇದನ್ನ ಹೇಗೆ ಚೊಕ್ಕ ಮಾಡ್ತೀಯ, ಗಡ್ಡಣ್ಣ?"

"ಬಟ್ಟೆಯಲ್ಲಿ ಒರೆಸ್ತೀನಿ. ಬಟ್ಟೆ ಸಿಗದಿದ್ರೆ ಪ್ಯಾಂಟಿದೆ."

"ಮೇಸ್ತ್ರಿ, ನಿನ್ನೆ ಊಟದ ಹೊತ್ತಲ್ಲಿ ಒಳಗೆ ಯಾರು ಬಂದಿದ್ರು?"

"ಮುಂದಿನ ಬಾಗಿಲಿಂದ ಒಂದು ನೊಣಾನೂ ಬಂದಿಲ್ಲ. ಎದುರಿಗೇ ಕೂತು ಬುತ್ತಿ ತಿಂತಿದ್ದೆ."

"ಆಮೇಲೆ ಕಾರು ಸ್ಟಾರ್ಟ್ ಆದಾಗ ನೀವು ಕಣ್ಣೊರೆಸಿಕೊಂಡ್ರಿ. ಮೇಲಿಂದ ನೋಡ್ದೆ. ಯಾಕೆ?"

ಮೇಸ್ತ್ರಿ ನಾಚಿ ನೀರಾದ. ಆ ಗಳಿಗೆಯಲ್ಲಿ ಅವನಿಗೆ ಬಾನೆಟ್ಟಿಗೆ ಒರಗಿ ನಗುವ ಗೆಳೆಯ ಕಂಡಿದ್ದ. ಹಳೆಯ ಭಾನುವಾರಗಳು ಕಂಡಿದ್ದವು, ತನ್ನ ತಲೆತುಂಬ ಕೂದಲಿದ್ದ ಕಾಲ ಕಂಡಿತ್ತು. "ಹಳೇ ವಾಸನೆ ಬಂದ ಹಾಗಾಯ್ತು. ವಯಸ್ಸಾಯ್ತಲ್ಲ, ಮೂಗೂ ಸುಳ್ಳು ಹೇಳುತ್ತೆ."

"ಸಂಜೆ ಐದಕ್ಕೆ ಎಲ್ಲರೂ ಇಲ್ಲೇ ಸೇರೋಣ. ಅಲ್ಲೀವರೆಗೆ ಆ ಪೆಟ್ಟಿಗೆ ಮುಚ್ಚಬೇಡ," ಎಂದರು ಸರ್ವೇಯರಮ್ಮ.

ಸಂಜೆ ಪುಟ್ಟಿಯ ಅಮ್ಮ ಟೀ ತಟ್ಟೆ ಹಿಡಿದು ಬಂದರು. ಇಂಜಿನ್ ಕೆಟ್ಟಿದೆ ಎಂದಷ್ಟೇ ಅವರಿಗೆ ಗೊತ್ತಿತ್ತು. ಯಾರೂ ವಿವರ ಹೇಳಿರಲಿಲ್ಲ.

"ಕೆಡಿಸೋಕೆ ಬಂದವರು ಎಣ್ಣೆ ಬಸೀತಾರೆ, ಮರಳು ಹಾಕ್ತಾರೆ," ಎಂದು ಸರ್ವೇಯರಮ್ಮ ಶುರು ಮಾಡಿದರು. "ಇಲ್ಲಿ ಎಣ್ಣೆ ಹೆಚ್ಚಾಗಿದೆ, ಒಂದು ತೊಟ್ಟೂ ಚೆಲ್ಲಿಲ್ಲ. ಕಾರಿನ ಮೇಲೆ ಪ್ರೀತಿ ಇದ್ದವರ ಕೈ ಅದು. ಲಾಳಿಕೆಗೆ ಪಾತ್ರೆ ತೊಳೆಯೋ ಸೋಪಿನ ವಾಸನೆ ಇದೆ. ನೀರಿನ ಪಸೆ ಇಂಜಿನ್ನಿಗೆ ಹೋದೀತು ಅಂತ ಮೆಕ್ಯಾನಿಕ್ಕು ಲಾಳಿಕೆ ತೊಳೆಯಲ್ಲ, ಒರೆಸ್ತಾನೆ. ಮುಂಬಾಗಿಲಿಗೆ ಮೇಸ್ತ್ರಿ ಕಾವಲು. ಉಳಿದದ್ದು ಅಡುಗೆಮನೆಯಿಂದ ಬರೋ ಹಿಂಬಾಗಿಲು. ಇನ್ನು ಆ ವಾಸನೆ. ಆಗೆಲ್ಲ ಓಟದ ಕಾರಿಗೆ ಹರಳೆಣ್ಣೆಯಿಂದ ಮಾಡಿದ ಎಣ್ಣೆ ಹಾಕ್ತಿದ್ರು. ಉರಿದ್ರೆ ಒಂಥರಾ ಸಿಹಿ ಘಮ. ಈಗಿನ ಎಣ್ಣೆ ಜೊತೆ ಅದು ಹೊಂದಲ್ಲ. ಅದೂ ವರ್ಷಗಟ್ಟಲೆ ಡಬ್ಬಿಯಲ್ಲಿ ಕೂತು ಗಟ್ಟಿಯಾದದ್ದು ಫಿಲ್ಟರಿಗೇ ಅಂಟಿಕೊಂಡಿದೆ."

ಅಮ್ಮ ಟೀ ತಟ್ಟೆಯನ್ನು ಕೆಳಗಿಟ್ಟರು.

"ನಾನೇ ಹಾಕಿದ್ದು," ಎಂದರು ಅಮ್ಮ. "ಅವರು ಕಪಾಟಿನಲ್ಲಿ ಇಟ್ಟಿದ್ದ ಡಬ್ಬಿ. ಎಣ್ಣೆಗೆ ಎಣ್ಣೆ ಬೆರೆಸಿದ್ರೆ ಏನಾಗುತ್ತೆ ಅಂದ್ಕೊಂಡೆ. ಆ ವಾಸನೆ ಬಂದ್ರೆ, ಅವರೇ ಗಾಡಿ ತಂದು ನಿಲ್ಸಿದ ಹಾಗಿರುತ್ತಲ್ಲ ಅಂತ..." ಗಡ್ಡಣ್ಣನ ಕಡೆ ತಿರುಗಿದರು. "ನನ್ನಿಂದ ನೀನು ಮಾತು ಕೇಳೋ ಹಾಗಾಯ್ತಲ್ಲ, ಮಗಾ."

ಮೇಸ್ತ್ರಿಗೆ ನೆಲ ಬಿರಿಯಬಾರದೇ ಅನ್ನಿಸಿತು. "ಆ ವಾಸನೆ ಅಂತ ನಿಮ್ಮ ತಲೆಗೆ ಹುಳ ಬಿಟ್ಟವನು ನಾನು, ಅತ್ತಿಗೆ."

ಪುಟ್ಟಿ ಗಡ್ಡಣ್ಣನ ಪೆಟ್ಟಿಗೆಯ ಬಳಿ ಕೂತು, ಸ್ಪ್ಯಾನರುಗಳನ್ನು ಒಂದೊಂದಾಗಿ ತೆಗೆದು ಗೋಡೆಯ ಹಲಗೆಗೆ ತೂಗುಹಾಕಿದಳು. ಕೊನೆಯದು ಕೈಯಲ್ಲಿದ್ದಾಗ, "ತಪ್ಪಾಯ್ತು, ಅಣ್ಣ. ಎಣ್ಣೆ ಯಾವುದು ಅಂತ ನೀನೇ ಹೇಳು," ಎಂದಳು.

"ನಾನ್ಯಾಕೆ ಹೇಳ್ಲಿ? ಮೇಸ್ತ್ರಿ ಬೇರಿಂಗಿನ ಸಂದು ಅಳೀಲಿ. ಅದೇ ಹೇಳುತ್ತೆ."

ಗೀಚಿದವನ್ನು ತೆಗೆದು ಹೊಸ ಬೇರಿಂಗು ಕೂರಿಸಿ ಮೇಸ್ತ್ರಿ ಅಳೆದ. ಸಂದು ಕೂದಲೆಳೆಯಷ್ಟು ಬಿಗಿ, ತೆಳು ಎಣ್ಣೆಯೇ ಸರಿ.

ಆ ಭಾನುವಾರದ ಓಟ ತಪ್ಪಿತು. ಮುಂದಿನ ತಿಂಗಳ ಓಟಕ್ಕೆ ಕಾರು ಗೆರೆಯ ಮೇಲೆ ನಿಂತಾಗ ಗಡ್ಡಣ್ಣ ಜೇಬಿನಿಂದ ಸಣ್ಣ ಕುಂಚ ತೆಗೆದ. ಹಳೇ ಡಬ್ಬಿಯ ತಳದಲ್ಲಿ ಉಳಿದಿದ್ದ ಎಣ್ಣೆಗೆ ಅದ್ದಿ, ಹೊಗೆ ಕೊಳವೆಯ ಹೊರಮೈಗೆ ಒಂದೆಳೆ ಬಳಿದ.

"ಇಂಜಿನ್ನಿಗೆ ಬೇಡ, ಅಮ್ಮ. ಇಲ್ಲಿಗೆ ಸಾಕು."

ಪುಟ್ಟಿ ಆಕ್ಸಿಲರೇಟರ್ ಒತ್ತಿದಳು. ಕೊಳವೆ ಕಾದು ತೆಳ್ಳನೆ ನೀಲಿ ಹೊಗೆ ಎದ್ದಿತು. ಮೇಸ್ತ್ರಿ ಕರವಸ್ತ್ರಕ್ಕಾಗಿ ತಡಕಾಡುತ್ತಿದ್ದರೆ ಸರ್ವೇಯರಮ್ಮ ಎತ್ತಲೋ ನೋಡುತ್ತ ತಮ್ಮದನ್ನೇ ಅವನ ಕೈಗಿಟ್ಟರು. ಕಾರು ಆಗಲೇ ಆ ತುದಿ ಸೇರಿತ್ತು. ಅತ್ತ ಯಾರು ಗೆದ್ದರೆಂದು ಅಮ್ಮ ನೋಡಲೇ ಇಲ್ಲ. ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡು, "ಬಂದ್ರು ನೋಡಿ," ಎಂದರು.