ಈ ವಿಳಾಸದಲ್ಲಿ ವಾಸವಿಲ್ಲ

ಚಲುವರಾಜು ಟ್ರಾಕ್ಟರ್ ಕೆಳಗೆ ಅಂಗಾತ ಮಲಗಿದ್ದ. ಎರಡು ಕಾಲು ಮಾತ್ರ ಆಚೆಗಿದ್ದವು. ಎಡಗಾಲಿಗೆ ಒಂದು ಒದ್ದೆ.

"ಯಾರ್ಲಾ ಅದು?" ಅಂದ ಒಳಗಿಂದಲೇ.

"ಊರು ಬುಟ್ಟು ಎಲ್ಡು ವರ್ಷ ಆಗಿರೋಳು. ಆಚೆ ಬಾ."

ಸ್ಪ್ಯಾನರ್ ಸದ್ದು ನಿಂತುಹೋಯ್ತು. ನಿಧಾನಕ್ಕೆ ಜಾರಿಕೊಂಡು ಆಚೆ ಬಂದ. ಬಲಗಡೆ ಹುಬ್ಬಿಗೆ ಗ್ರೀಸ್ ಮೆತ್ತಿತ್ತು. ಸುಳ್ಳು ಯಾಕೆ ಹೇಳಲಿ, ಆ ಹುಬ್ಬು ನೋಡೋಕೇ ನಾಲ್ಕು ವರ್ಷದಿಂದ ಈ ಶೆಡ್ಡಿಗೆ ಬರ್ತಿದ್ದೆ. ಇವತ್ತು ಅದೇ ಹುಬ್ಬಿಗೆ ಸರಿಯಾಗಿ ಒಂದು ಬಾರಿಸೋಣ ಅನ್ನಿಸ್ತು.

"ಓದು," ಅಂತ ಫೋನನ್ನ ಅವನ ಮೂಗಿನ ಮುಂದೆ ಹಿಡಿದೆ.

ಓದಿದ. ವಿಮಾನ ಕಂಪನಿಯಿಂದ ಬೆಳಿಗ್ಗೆ ಬಂದ ಮೇಲ್ ಅದು. ನಮ್ಮ ಮನೆ ಬಾಗಿಲಿನ ಫೋಟೋ ಇತ್ತು, ಬಾಗಿಲಿಗೆ ಬೀಗ. ಅದರ ಕೆಳಗೆ ಒಂದು ಸಾಲು. ಅಭ್ಯರ್ಥಿ ಈ ವಿಳಾಸದಲ್ಲಿ ವಾಸವಿಲ್ಲ, ಊರು ಬಿಟ್ಟು ಎರಡು ವರ್ಷ ಆಗಿದೆ. ಮಾಹಿತಿ ಕೊಟ್ಟವರು, ಚಲುವರಾಜು, ಮೆಕ್ಯಾನಿಕ್, ಪಕ್ಕದ ಮನೆ.

"ಮೊನ್ನೆ ಬ್ಯಾಗ್ ನೇತಾಕ್ಕಂಡು ಬಂದಿದ್ನಲ್ಲ, ಅವ್ನಾ?" ಅಂದ.

"ಅವ್ನೇ. ಕೆಲಸಕ್ಕೆ ಸೇರಿಸ್ಕೊಳ್ಳೋಕೆ ಮುಂಚೆ ಕಂಪನಿಯೋರು ವಿಚಾರಿಸೋಕೆ ಕಳಿಸಿದ್ದು. ನೀನು ಏನ್ಲಾ ಹೇಳಿ ಕಳಿಸ್ದೆ?"

ಗಂಡುಮಕ್ಕಳಿಗೆ ನಾನು 'ಲಾ' ಅನ್ನೋಳಲ್ಲ. ಇವತ್ತು ತಾನಾಗೇ ಬಂತು.

ನನ್ನ ಸಿಟ್ಟು ನಿಮಗೆ ಅರ್ಥ ಆಗಬೇಕಾದ್ರೆ ಸ್ವಲ್ಪ ಹಿಂದಿನದು ಹೇಳ್ಬೇಕು. ನಾನು ಹೇಮಶ್ರೀ, ಬೂಕನಕೆರೆ ಪಕ್ಕದ ಊರಿನ ಕರಿಯಪ್ಪನ ಮಗಳು. ಇನ್ನೂರು ಗಂಟೆ ವಿಮಾನ ಓಡಿಸಿ ಲೈಸೆನ್ಸ್ ತಗೊಂಡು ನಾಲ್ಕು ವರ್ಷ ಆಯ್ತು. ಆ ನಾಲ್ಕು ವರ್ಷವೂ ಮನೆ ಜಗಲಿ ಮೇಲೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟಿದ್ದೀನಿ.

ದೊಡ್ಡ ಕಂಪನಿಗಳು ಅನುಭವ ಎಲ್ಲಿ ಅಂತ ಕೇಳ್ತಾವೆ. ಕೆಲಸ ಕೊಡದೆ ಅನುಭವ ಎಲ್ಲಿಂದ ತರೋದು ಅಂತ ಕೇಳಿದ್ರೆ ಉತ್ತರ ಇಲ್ಲ. ಉಳಿದದ್ದು ಸಣ್ಣ ಊರುಗಳ ನಡುವೆ ಹಾರೋ ಸಣ್ಣ ಕಂಪನಿಗಳು. ಮೊದಲನೇದು ನನ್ನ ಆಯ್ಕೆ ಮಾಡ್ಕೊಂಡು, ಸೇರೋಕೆ ಹದಿನೈದು ದಿನ ಇದೆ ಅನ್ನುವಾಗ ಬಾಗಿಲು ಮುಚ್ಚಿತು. ಎರಡನೇದು ನಾಲ್ಕು ವಿಮಾನ ಬರುತ್ತೆ ಅಂದುಕೊಂಡಿತ್ತು, ಬಂದಿದ್ದು ಒಂದು, ನನಗೆ ಜಾಗ ಇಲ್ಲ ಅಂದ್ರು. ಎರಡು ಸಲವೂ ನಮ್ಮವ್ವ ದೊಡ್ಡತಾಯಮ್ಮ ಊರಿಗೆಲ್ಲ ಮೈಸೂರ್‌ಪಾಕ್ ಹಂಚಿದ್ಲು. ಆಮೇಲೆ ಬಸ್‌ಸ್ಟಾಂಡಲ್ಲಿ ಸಿಕ್ಕಿದೋರೆಲ್ಲ, "ಏನವ್ವ, ನಿನ್ ಇಮಾನ ಇನ್ನೂ ರಿಪೇರಿ ಆಗ್ನಿಲ್ವಾ?" ಅನ್ನೋರು. ನಾನು ಹಲ್ಲು ಕಚ್ಚಿಕೊಂಡು ಬಸ್ ಹತ್ತೋಳು.

ಈ ಮೂರನೇ ಕಂಪನಿ ಹದಿನಾಲ್ಕು ತಿಂಗಳು ನನ್ನನ್ನ ಕಾಯೋರ ಪಟ್ಟಿಯಲ್ಲಿಟ್ಟಿತ್ತು. ಹೋದ ವಾರ ಲೆಟರ್ ಬಂತು. ಎಪ್ಪತ್ತು ಸೀಟಿನ ವಿಮಾನ, ಸೋಮವಾರ ಹೈದರಾಬಾದಿನಲ್ಲಿ ಟ್ರೈನಿಂಗ್ ಶುರು. ಈ ಸಲ ಯೂನಿಫಾರ್ಮ್ ಹಾಕೋ ತನಕ ಅಪ್ಪ ಅವ್ವನ ಬಿಟ್ಟು ಒಂದು ನರಪಿಳ್ಳೆಗೂ ಹೇಳಲ್ಲ ಅಂತ ಗಟ್ಟಿ ಮಾಡ್ಕೊಂಡಿದ್ದೆ.

ಈಗ ಈ ಮೇಲ್. ಇವತ್ತು ಸಂಜೆ ಐದರೊಳಗೆ ವಿಳಾಸ ಖಚಿತ ಆಗದಿದ್ರೆ ನನ್ನ ಸೀಟು ಪಟ್ಟಿಯಲ್ಲಿ ನನ್ನ ಹಿಂದಿರೋರಿಗೆ. ಆಗಸ್ಟಿಗೆ ನನ್ನ ಲೈಸೆನ್ಸಿನ ರೇಟಿಂಗ್, ಅಂದ್ರೆ ವಿಮಾನ ಓಡಿಸೋ ಅನುಮತಿ, ಮುಗಿಯುತ್ತೆ. ಅದು ಮುಗಿದ್ರೆ ಯಾವ ಪಟ್ಟಿಯಲ್ಲೂ ನಾನಿಲ್ಲ, ಜಗಲಿಯೇ ಗತಿ.

"ಬಾಯ್ಬುಡು ಚಲುವ. ಏನು ಹೇಳ್ದೆ?"

"ಅವ್ನು ಕೇಳಿದ್ದೇ ಅಂಗಿತ್ತು ಕಣಮ್ಮಿ," ಅಂದ. "ಕರಿಯಪ್ಪನೋರ ಮಗಳು ಎಂಗೆ, ನಡತೆ ಎಂಗೆ, ಗಲಾಟೆ ಗಿಲಾಟೆ ಏನಾರ ಅದಾ, ಎಷ್ಟು ವರ್ಸದಿಂದ ಈ ಊರಲ್ಲವ್ರೆ ಅಂದ. ಇಂಗೆಲ್ಲ ಕೇಳೋರು ಯಾರು, ನೀನೇ ಯೋಳು."

ಯಾರು ಅಂತ ನನಗೂ ಗೊತ್ತು. ನಮ್ಮ ಕಡೆ ಹೆಣ್ಣು ನೋಡೋಕೆ ಮನೆಗೆ ಬರೋ ಮುಂಚೆ ಗಂಡಿನ ಕಡೆಯೋರು ಊರ ಮುಂದೆ ಯಾರನ್ನಾದ್ರೂ ಹಿಡಿದು ಇದನ್ನೇ ವಿಚಾರಿಸ್ತಾರೆ. ಅಪ್ಪ ಅವ್ವ ಅವತ್ತು ಪಾಂಡವಪುರಕ್ಕೆ ತಿಥಿಗೆ ಹೋಗಿದ್ರು, ನಾನು ಮೈಸೂರಲ್ಲಿದ್ದೆ. ಆ ಮನುಷ್ಯನಿಗೆ ಊರಿನ ತಿರುವಿನಲ್ಲಿರೋ ಈ ಶೆಡ್ಡೇ ಸಿಕ್ಕಬೇಕಿತ್ತಾ?

"ಗಂಡಿನ ಕಡೆಯೋನು ಅಂದ್ಕಂಡು, ಅವ್ರು ಊರು ಬುಟ್ಟೋದ್ರು ಅಂದ್ಬುಟ್ಟೆ," ಅಂದ.

"ಗಂಡಿನ ಕಡೆಯೋನೇ ಆಗಿದ್ರೆ ನಿನಗೇನು ಕಷ್ಟ?"

ಅವನು ಕೈಲಿದ್ದ ಬಟ್ಟೆ ಚೂರಲ್ಲಿ ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸಿದ. ಆಮೇಲೆ ತಲೆ ಎತ್ತಿದಾಗ ಅವನ ಕಣ್ಣಲ್ಲೂ ಸಿಟ್ಟಿತ್ತು.

"ನೀನ್ಯಾಕೆ ನಂಗೆ ಯೋಳ್ನಿಲ್ಲ? ನಾಕು ವರ್ಸ ನಿನ್ ಪುಸ್ತಕ ಇಡ್ಕಂಡು ಪ್ರಶ್ನೆ ಕೇಳ್ದೋನು ನಾನು. ಇಂಜಿನ್ ಬಿಚ್ಚಿ ತೋರ್ಸಿದೋನು ನಾನು. ಕೆಲ್ಸ ಆಗದೆ ಅಂತ ಒಂದು ಮಾತು ಅಂದಿದ್ರೆ ಅವ್ನಿಗೆ ಕಾಫಿ ಕುಡ್ಸಿ, ನಿಮ್ ಮನೆ ತೋರ್ಸಿ ಕಳಿಸ್ತಿದ್ದೆ."

ಅದು ನಿಜ. ನಿಜ ಅಂತ ಗೊತ್ತಾಗಿದ್ದಕ್ಕೇ ಸಿಟ್ಟು ಇನ್ನೂ ನೆತ್ತಿಗೇರಿತು.

ರಿಪೋರ್ಟಿನ ಕೆಳಗಿದ್ದ ನಂಬರಿಗೆ ಅಲ್ಲೇ ನಿಂತು ಫೋನ್ ಮಾಡಿದೆ. ಶಿವಶಂಕರ್ ಅಂತ ಆ ಮನುಷ್ಯ. ಇವತ್ತು ಆದಿಚುಂಚನಗಿರಿಯಲ್ಲಿದ್ದೀನಿ, ಮೂರು ಗಂಟೆ ತನಕ ಇರ್ತೀನಿ ಅಂದ್ರು. "ಸುಳ್ಳು ಹೇಳ್ದೋನೇ ಬಂದು ಬರ್ದುಕೊಡ್ಬೇಕಮ್ಮ. ನೀವೊಬ್ರೇ ಬಂದ್ರೆ ಪ್ರಯೋಜನ ಇಲ್ಲ."

"ನಡಿ," ಅಂದೆ.

"ಕೈ ತೊಳ್ಕಂಡು..."

"ನಡಿ ಅಂದೆ."

ಅವನ ಬೈಕು, ಓಡಿಸಿದ್ದು ನಾನು. ಚಿನಕುರಳಿ ದಾಟಿ, ಜಕ್ಕನಹಳ್ಳಿ ಕಡೆಯಿಂದ ನಾಗಮಂಗಲದ ರಸ್ತೆ ಹಿಡಿದೆ. ದಾರಿಯುದ್ದಕ್ಕೂ ಕಬ್ಬಿನ ಲಾರಿಗಳು. ಒಂದೊಂದನ್ನೂ ಹಾರ್ನ್ ಹೊಡೆದು ಹಿಂದೆ ಹಾಕಿದೆ. ಅವನು ಹಿಂದಿನ ಕಂಬಿ ಹಿಡ್ಕೊಂಡು ನೆಟ್ಟಗೆ ಕೂತಿದ್ದ.

"ವಸಿ ನಿಧಾನ ಕಣಮ್ಮಿ."

"ಭಯ ಆದ್ರೆ ಇಳ್ದು ನಡ್ಕೊಂಡು ಬಾ."

ಒಂದು ಹಂಪಿನ ಮೇಲೆ ಬೈಕು ಎಗರಿತು. ಅವನ ಕೈ ನನ್ನ ಹೆಗಲಿಗೆ ಬಂತು, ಬೆಂಕಿ ಮುಟ್ಟಿದೋನಂಗೆ ತಕ್ಷಣ ವಾಪಸ್ ಹೋಯ್ತು. ನಾಲ್ಕು ವರ್ಷದಲ್ಲಿ ಅವನು ನನ್ನ ಮುಟ್ಟಿದ್ದು ಅದೇ ಮೊದಲು. ಅಂಥ ಹೊತ್ತಲ್ಲೂ ನನ್ನ ಎದೆ ಹೊಡ್ಕೊಂಡಿತು. ಅದಕ್ಕೆ ನನ್ನ ಮೇಲೇ ನನಗೆ ಕೋಪ ಬಂತು. ಕನ್ನಡಿಯಲ್ಲಿ ನೋಡಿದೆ, ಅವನೂ ಕನ್ನಡಿಯಲ್ಲೇ ನನ್ನ ನೋಡ್ತಿದ್ದ. ಕನ್ನಡಿ ತಿರುಗಿಸಿಬಿಟ್ಟೆ.

ಮಠದ ಆಸ್ಪತ್ರೆ ಎದುರಿನ ಟೀ ಅಂಗಡಿಯಲ್ಲಿ ಶಿವಶಂಕರ್ ಸಿಕ್ಕಿದ್ರು. ಐವತ್ತು ದಾಟಿದ ಮನುಷ್ಯ, ಎದೆಗೆ ಅಡ್ಡ ಬ್ಯಾಗು. ಚಲುವನ್ನ ನೋಡಿದ ಕೂಡಲೇ ಗುರುತು ಹಿಡಿದ್ರು.

"ಏನಪ್ಪ, ಕೇಳಿದ್ ತಕ್ಷಣ ಅಷ್ಟು ಸಲೀಸಾಗಿ ಸುಳ್ಳು ಹೇಳ್ಬುಟ್ಟಲ್ಲ. ಇದು ಒಂದು ಹುಡ್ಗಿ ಅನ್ನ ಕಣಯ್ಯ."

"ತೆಪ್ಪಾಯ್ತು ಸಾರ್."

ಬ್ಯಾಗಿನಿಂದ ಫಾರಂ ತೆಗೆದ್ರು. ಹೆಸರು, ಮನೆ, ಕೆಲಸ. ಕೊನೆಗೆ ದೊಡ್ಡ ಖಾಲಿ ಜಾಗ. ಹಿಂದಿನ ಹೇಳಿಕೆ ಯಾಕೆ ತಪ್ಪು ಅಂತ ಅಲ್ಲಿ ಬರೀಬೇಕು.

ಚಲುವ ಬೆಂಚಿನ ಮೇಲೆ ಬಗ್ಗಿ ಕೂತು ಬರೆದ. ಬರೆದ, ನಿಲ್ಲಿಸಿದ, ಮತ್ತೆ ಬರೆದ. ಟೈಮ್ ಆಗಲೇ ಎರಡು ಇಪ್ಪತ್ತು. ನನಗೆ ತಡೆಯೋಕಾಗಲಿಲ್ಲ.

"ಏನು ಕಾದಂಬರಿ ಬರೀತಿದ್ದೀಯಾ? ತಪ್ಪಾಯ್ತು ಅಂತ ಬರ್ದು ಸೈನ್ ಹಾಕು."

ಅವನು ಕಾಗದವನ್ನ ನನಗೆ ಕೊಡದೆ ಶಿವಶಂಕರ್ ಕೈಗೆ ಕೊಟ್ಟ. ಅಂಚಿನಲ್ಲಿ ಹೆಬ್ಬೆಟ್ಟಿನ ಗ್ರೀಸ್ ಗುರುತಿತ್ತು. ಅವರು ಕನ್ನಡಕ ಹಾಕ್ಕೊಂಡು ಜೋರಾಗಿಯೇ ಓದಿದ್ರು.

"ಬಂದವರು ಹೆಣ್ಣು ವಿಚಾರಿಸೋಕೆ ಬಂದವರು ಅಂತ ತಿಳಿದುಕೊಂಡೆ. ಹೇಮಶ್ರೀಯವರು ಬೇರೆ ಮನೆ ಸೇರೋದು ನನಗೆ ಇಷ್ಟ ಇರಲಿಲ್ಲ. ಅದಕ್ಕೆ ಸುಳ್ಳು ಹೇಳಿದೆ. ಅವರು ಹುಟ್ಟಿದಾಗಿನಿಂದ ಅದೇ ಮನೆಯಲ್ಲಿ ಇದ್ದಾರೆ. ದಿನಾ ಬೆಳಿಗ್ಗೆ ಆರು ಗಂಟೆಗೆ ಜಗಲಿಯಲ್ಲಿ ಕೂತು ಓದುತ್ತಾರೆ, ನಾನು ಎದ್ದ ಕೂಡಲೇ ನೋಡೋದು ಅದನ್ನೇ. ನಾಲ್ಕು ವರ್ಷದಿಂದ ಹೇಳಬೇಕು ಅಂದುಕೊಂಡು ಹೇಳಿಲ್ಲ. ಅವರು ಹಾರಲಿ ಅಂತ ನನಗಿಂತ ಜಾಸ್ತಿ ಬಯಸಿದವರು ಇಲ್ಲ. ಒಳ್ಳೆಯ ಹುಡುಗಿ. ಕೋಪ ಜಾಸ್ತಿ."

ಟೀ ಅಂಗಡಿಯೋನು ಸೋಸೋದು ನಿಲ್ಲಿಸಿ ನಮ್ಮ ಕಡೆ ನೋಡಿದ.

"ಕೋಪ ಜಾಸ್ತಿ ಅನ್ನೋದನ್ನ ಹೊಡ್ದಾಕಪ್ಪ," ಅಂದ್ರು ಶಿವಶಂಕರ್. "ಪೈಲಟ್ ಕೆಲ್ಸಕ್ಕೆ ಅದು ಸರಿಯಾಗಲ್ಲ."

ಅವನು ಆ ಎರಡು ಪದ ಹೊಡೆದು ಹಾಕಿದ. ನನ್ನ ಕಿವಿ ಬಿಸಿಯಾಗಿತ್ತು. ಈ ಮಾತು ಕೇಳೋಕೆ ಎಷ್ಟು ದಿನ ಆ ಶೆಡ್ಡಿನಲ್ಲಿ ಸುಮ್ಮನೆ ಕಾಲ ಕಳೆದಿದ್ದೀನಿ. ನನಗೆ ಹೇಳೋಕೆ ಬಾಯಿ ಬರಲಿಲ್ಲ, ಕಂಪನಿಗೆ ಬರ್ದುಕೊಟ್ಟ ಮಹಾರಾಯ.

"ಇನ್ನೊಂದು ಕಾಲಂ ಉಳ್ಕೊಂಡದೆ," ಅಂದ್ರು ಶಿವಶಂಕರ್. "ಸಂಬಂಧಿಕರ ಸೈನ್ ನಡೆಯಲ್ಲ. ನಿಮ್ಮಿಬ್ರಿಗೂ ಏನಾದ್ರೂ ಸಂಬಂಧ ಇದ್ಯಾ?"

ಚಲುವ ನನ್ನ ಮುಖ ನೋಡಿದ.

"ಏನೂ ಇಲ್ಲ ಸಾರ್," ಅಂದೆ. "ಬರ್ಕೊಳ್ಳಿ."

ಅವನು ತಲೆ ತಗ್ಗಿಸಿ ಸೈನ್ ಹಾಕಿದ. ಶಿವಶಂಕರ್ ಫಾರಮ್ಮಿನ ಫೋಟೋ ತೆಗೆದು ಕಳಿಸಿದ್ರು. "ಒಂದು ವರ್ಷಕ್ಕೆ ಕೆಲ್ಸ ಖಾಯಂ ಮಾಡುವಾಗ ಇನ್ನೊಂದ್ಸಲ ಬತ್ತೀವಿ. ಆಗ್ಲೂ ಇದೇ ರೂಲ್ಸು, ಪಕ್ಕದ ಮನೆಯೋರ ಸೈನ್ ಬೇಕು," ಅಂತ ಹೇಳಿ ಹೊರಟ್ರು.

ವಾಪಸ್ ಬರುವಾಗ ಬೈಕು ಅವನು ಓಡಿಸಿದ. ನಾನು ಕಂಬಿ ಹಿಡ್ಕೊಂಡು ಕೂತೆ. ಚಿನಕುರಳಿಯಲ್ಲಿ ಪೆಟ್ರೋಲ್ ಹಾಕಿಸೋಕೆ ನಿಂತಾಗ ಫೋನ್ ಸದ್ದು ಮಾಡಿತು. ನಾಲ್ಕು ಐವತ್ತು. ವಿಳಾಸ ಖಚಿತವಾಗಿದೆ, ಸೋಮವಾರ ಹಾಜರಾಗಿ ಅಂತಿತ್ತು.

ನಾನು ಬಂಕಿನ ಗೋಡೆ ಕಡೆ ತಿರುಗಿ ಅತ್ತುಬಿಟ್ಟೆ. ಅವನು ನೀರಿನ ಬಾಟ್ಲಿ ತಂದು ಪಕ್ಕದಲ್ಲಿಟ್ಟು ದೂರ ಹೋಗಿ ನಿಂತ. ಹತ್ತಿರ ಬಂದಿದ್ರೆ ಬೈತಿದ್ದೆ. ಬರಲಿಲ್ಲ ಅಂತಲೂ ಸಿಟ್ಟು ಬಂತು.

ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ರೈಲು, ಅಲ್ಲಿಂದ ಹೈದರಾಬಾದ್. ಅಪ್ಪ ಅವ್ವ ಪ್ಲಾಟ್‌ಫಾರಮ್ಮಿನ ಬೆಂಚಲ್ಲಿ ಕೂತು ಚಕ್ಲಿ ಡಬ್ಬ ಬ್ಯಾಗಿಗೆ ಹಿಡಿಸೋಕೆ ಒದ್ದಾಡ್ತಿದ್ರು. ನನ್ನ ಟ್ರಂಕು ಹೊತ್ತಿದ್ದು ಚಲುವ. ಇಸ್ತ್ರಿ ಶರ್ಟು ಹಾಕಿದ್ದ. ಉಗುರಿನೊಳಗಿನ ಗ್ರೀಸ್ ಉಜ್ಜಿ ಉಜ್ಜಿ ಬೆರಳ ತುದಿ ಕೆಂಪಾಗಿತ್ತು.

ನಾನು ಬ್ಯಾಗ್ ತಗೊಂಡು ರೈಲು ಹತ್ತಿ ಕೂತ ಮೇಲೆ, "ಇನ್ನೂ ಕ್ವಾಪ ಅದಾ?" ಅಂದ ಕಿಟಕಿ ಆಚೆಯಿಂದ.

"ಅದೆ."

"ಎಷ್ಟು ದಿನ ಇರ್ತದೆ?"

"ನೀನು ನಾಲ್ಕು ವರ್ಷ ಬಾಯ್ಬಿಡದೆ ಇದ್ದೆಯಲ್ಲ, ಅಷ್ಟು ದಿನ."

ಅವನು ನಕ್ಕ. ಆ ಹುಬ್ಬು ಮೇಲೆ ಹೋಯ್ತು. ನಾನು ಬೇರೆ ಕಡೆ ನೋಡಿದೆ, ಮತ್ತೆ ನೋಡಿದೆ.

"ಬರೋ ವರ್ಸ ಶಿವಶಂಕರ್ ಬತ್ತಾರಲ್ಲ," ಅಂದ. "ಆವಾಗ ಒಂದಕ್ಸರ ತಪ್ಪದಂಗೆ ನಿಜಾನೇ ಯೋಳ್ತೀನಿ. ನಾನೇ ಸೈನ್ ಆಕ್ತೀನಿ."

"ನೀನು ಹಾಕ್ಬೇಡ. ಎದುರು ಮನೆ ತಮ್ಮಯ್ಯಣ್ಣನ ಕೈಲಿ ಹಾಕಿಸು."

ಅವನ ಮುಖ ಬಾಡಿತು. "ಇನ್ನೂ ನನ್ ಮ್ಯಾಲೆ ನಂಬ್ಕೆ ಇಲ್ವಾ?"

"ಸಂಬಂಧಿಕರ ಸೈನ್ ನಡೆಯಲ್ಲ ಅಂತ ಅವರು ಹೇಳಿದ್ದು ಕೇಳಿಸ್ಲಿಲ್ವಾ ನಿನಗೆ?"

ರೈಲು ಹೊರಟಿತು. ಅವನು ಅಲ್ಲೇ ನಿಂತಿದ್ದ, ಬಾಯಿ ಸ್ವಲ್ಪ ತೆರೆದಿತ್ತು. ಟ್ರಾಕ್ಟರಿನ ಯಾವ ಭಾಗ ಕೆಟ್ಟಿದೆ ಅಂತ ಸದ್ದಲ್ಲೇ ಹೇಳೋ ಮನುಷ್ಯನಿಗೆ ಇಷ್ಟು ಅರ್ಥ ಆಗೋಕೆ ಇಷ್ಟು ಹೊತ್ತು. ಕಾವೇರಿ ಸೇತುವೆ ಮುಗಿಯೋ ಹೊತ್ತಿಗೆ ಫೋನ್ ಬಂತು.

"ಯಾವ ತಿಂಗ್ಳು?" ಅಂದ. ಉಸಿರು ಕಟ್ಟಿತ್ತು, ಓಡಿರಬೇಕು.

"ಆಷಾಢ ಬಿಟ್ಟು ಯಾವುದಾದ್ರೂ. ಮೊದಲು ನಮ್ಮಪ್ಪನ್ನ ಕೇಳು."

"ಇಲ್ಲೇ ಪಕ್ಕದಲ್ಲೇ ಅವ್ರೆ ಕಣಮ್ಮಿ. ಏನಂತ ಕೇಳ್ಲಿ?"

"ಹೆಣ್ಣು ವಿಚಾರಿಸೋಕೆ ಬಂದಿದ್ದೀನಿ ಅನ್ನು," ಅಂದೆ. "ಈ ಸಲ ಸುಳ್ಳು ಹೇಳಿ ಕಳಿಸೋರು ಯಾರೂ ಇಲ್ಲ."