ಏಳನೆಯ ಪುಟದ ಅಳತೆ

“ಉಸಿರು ಒಳಗೆ ಎಳ್ಕೋ... ಇನ್ನೂ... ಇನ್ನೂ ಸ್ವಲ್ಪ! ಬಿಡಬೇಡ ಅಂದೆ!”

ಅತ್ತೆಯ ದನಿ ಕೇಳಿ ಸೊಸೆ ಒದ್ದೆ ಕೈಯಲ್ಲೇ ಮುಂದಿನ ಕೋಣೆಗೆ ಓಡಿಬಂದಳು. ಹೊಲಿಗೆಯಂತ್ರದ ಪಕ್ಕದ ಸ್ಟೂಲಿನ ಮೇಲೆ ಅವಳ ಮಗಳು ಗಿಣಿ ನಿಂತಿದ್ದಳು. ಏಳು ವರ್ಷದ ಮಗು ಕಣ್ಣು ಬಿಗಿಯಾಗಿ ಮುಚ್ಚಿ, ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡಿತ್ತು. ಬಿಳಿ ಫ್ರಾಕಿನ ಹಿಂಬದಿಯ ಎರಡು ಅಂಚುಗಳನ್ನು ಅತ್ತೆ ಹಲ್ಲು ಕಚ್ಚಿ ಎಳೆಯುತ್ತಿದ್ದರು. ಇನ್ನೇನು ಸೇರಿತು ಅನ್ನುವಾಗ ಟಪ್ಪೆಂದು ಗುಂಡಿ ಹಾರಿ ಬೀರುವಿನ ಕೆಳಗೆ ಉರುಳಿತು.

“ಎರಡೂವರೆ ಇಂಚು ಸಾಲ್ತಿಲ್ಲ!” ಅತ್ತೆ ಸೊಸೆಯ ಕಡೆ ತಿರುಗಿದರು. “ಏನು ತಿನ್ನಿಸ್ತೀಯಮ್ಮಾ ಇವಳಿಗೆ? ಹೊಸ ವರ್ಷಕ್ಕೆ ಇನ್ನು ನಾಲ್ಕೇ ದಿನ. ಇದು ಹೀಗೇ ಊದ್ತಾ ಹೋದ್ರೆ ನನ್ನ ಮಗಳ ಫ್ರಾಕನ್ನ ಯಾರಿಗೆ ಹಾಕ್ಲಿ? ಕಂಬಕ್ಕಾ?”

ಸೊಸೆ ಮಗಳನ್ನು ಸ್ಟೂಲಿನಿಂದ ಇಳಿಸಿಕೊಂಡಳು. “ಅಮ್ಮಾ, ಈಗ ಉಸಿರು ಬಿಡ್ಲಾ?” ಎಂದು ಗಿಣಿ ಕಿವಿಯಲ್ಲಿ ಕೇಳಿದಳು.

ಅತ್ತೆ ಹೇಳಿದ ಮಗಳು ಬದುಕಿರಲಿಲ್ಲ. ಮುದ್ದು ಎಂದು ಕರೆಯುತ್ತಿದ್ದ ಅವಳು ಏಳು ತುಂಬಿದ ವರ್ಷವೇ ತೀರಿಕೊಂಡು ಈಗ ಮೂವತ್ತೊಂದು ವರ್ಷ. ಅವಳಿರುವಾಗ ಟೈಲರಾದ ಅತ್ತೆ ಒಂದು ಪದ್ಧತಿ ಇಟ್ಟುಕೊಂಡಿದ್ದರು. ವರ್ಷದ ಕೊನೆಯ ವಾರ ಮಗಳ ಅಳತೆ ತೆಗೆದು ಪುಟ್ಟ ಪುಸ್ತಕದಲ್ಲಿ ಬರೆಯುವುದು, ವರ್ಷದ ಮೊದಲ ಬೆಳಿಗ್ಗೆ ಆ ಅಳತೆಯ ಬಿಳಿ ಫ್ರಾಕು ತೊಡಿಸುವುದು. ವರ್ಷಕ್ಕೊಂದು ಪುಟ, ಒಟ್ಟು ಏಳು ಪುಟ. ಆಮೇಲಿನ ಪುಟಗಳು ಖಾಲಿ.

ಗಿಣಿ ಹುಟ್ಟಿದ ಮೇಲೆ ಆ ಪುಸ್ತಕ ಮತ್ತೆ ಹೊರಬಂತು. ಅತ್ತೆ ಮೊಮ್ಮಗಳ ಮೈಗೆ ಟೇಪು ಹಿಡಿಯುತ್ತಲೇ ಇರಲಿಲ್ಲ. ಮೊದಲ ವರ್ಷ ಮೊದಲ ಪುಟದ ಅಳತೆ, ಎರಡನೆಯ ವರ್ಷ ಎರಡನೆಯ ಪುಟದ್ದು... ಮೊದಮೊದಲು ಸೊಸೆಗೆ ಅದು ಅಕ್ಕರೆಯಂತೆಯೇ ಕಂಡಿತ್ತು. ವರ್ಷದ ಮೊದಲ ದಿನ ಬಿಳಿ ಫ್ರಾಕು ತೊಟ್ಟ ಮಗುವನ್ನು ಕನ್ನಡಿಯ ಮುಂದೆ ನಿಲ್ಲಿಸಿ ಅತ್ತೆ “ಬಂದ್ಯಾ ಮುದ್ದೂ...” ಎಂದಾಗ ಮಾತ್ರ ಅವಳ ಬೆನ್ನಲ್ಲಿ ಚಳಿ ಹರಿಯುತ್ತಿತ್ತು. ಗಂಡನಿಗೆ ಹೇಳಿದ್ದಳು. ಬಸ್ಸಿನ ಡ್ರೈವರನಾದ ಅವನು ಮನೆಯಲ್ಲೂ ಎದುರು ಬಂದದ್ದಕ್ಕೆಲ್ಲ ದಾರಿ ಬಿಟ್ಟುಕೊಡುವ ಮನುಷ್ಯ. “ಅಕ್ಕ ಹೋದಾಗ ನನಗೆ ನಾಲ್ಕು ವರ್ಷ. ಅಮ್ಮನ ಮುಖ ಬಿಟ್ಟು ಬೇರೇನೂ ನೆನಪಿಲ್ಲ. ವರ್ಷಕ್ಕೊಂದು ದಿನ, ಒಂದು ಫ್ರಾಕು... ಅವಳ ಸಮಾಧಾನಕ್ಕೆ ಬಿಟ್ಬಿಡು,” ಎಂದಿದ್ದ.

ಬಾಯಲ್ಲಿ ಬೆರಳಿಟ್ಟರೂ ಕಚ್ಚಲು ಬಾರದವಳು ಎಂದು ತವರಿನಲ್ಲೇ ಹೆಸರಾದವಳು ಸೊಸೆ. ಕಾಲೇಜಿನ ದಿನಗಳಿಂದ ಅವಳದೂ ಒಂದು ಅಭ್ಯಾಸವಿತ್ತು. ವರ್ಷ ಮುಗಿಯುವ ಮುನ್ನ ನೋಟ್‌ಬುಕ್ಕಿನಲ್ಲಿ ಮುಂದಿನ ವರ್ಷದ ಗುರಿಯನ್ನು ಒಂದೇ ಸಾಲಿನಲ್ಲಿ ಬರೆಯುವುದು. ಕಳೆದ ನಾಲ್ಕು ವರ್ಷದಿಂದ ಸಾಲು ಬದಲಾಗಿರಲಿಲ್ಲ: ‘ಅತ್ತೆಯ ಎದುರು ನಿಂತು ಒಂದು ಮಾತು ಹೇಳಬೇಕು.’ ಬರೆಯುವಾಗ ಹೆರಿಗೆಯಲ್ಲೂ ಬರದಷ್ಟು ಬೆವರು ಬರುತ್ತಿತ್ತು. ಬರೆದ ಮೇಲೆ ವರ್ಷವಿಡೀ ನೋಟ್‌ಬುಕ್ಕನ್ನು ಬೇಳೆಡಬ್ಬಿಯ ಹಿಂದೆ ಅಡಗಿಸಿಡುತ್ತಿದ್ದಳು.

ಗುಂಡಿ ಹಾರಿದ ಮರುದಿನ ಮಧ್ಯಾಹ್ನ ಗಿಣಿಯ ಶಾಲೆಯ ಚೀಲ ತೊಳೆಯಲು ಬಿಚ್ಚಿದಳು. ಪುಸ್ತಕಗಳ ಅಡಿಯಲ್ಲಿ ಕಾಗದದ ಪೊಟ್ಟಣಗಳು. ಬಿಚ್ಚಿದರೆ, ಒಣಗಿ ಬೂಷ್ಟು ಹಿಡಿದ ಊಟ. ಒಂದು ದಿನದ್ದಲ್ಲ... ಐದು ದಿನದ್ದು!

“ಗಿಣೀ, ಇದೇನೇ?”

ಮಗು ತಲೆ ತಗ್ಗಿಸಿತು. “ಬಯ್ಯಬೇಡ ಅಮ್ಮ. ನಾನು ಫ್ರಾಕಿಗೆ ಹಿಡೀಬೇಕಲ್ಲ.”

“ಹಿಡೀದಿದ್ರೆ ಏನಾಯ್ತು? ಅಜ್ಜಿ ಬಿಚ್ಚಿ ಹೊಲೀತಾರೆ.”

“ಇಲ್ಲ. ಆ ಫ್ರಾಕಿನೊಳಗೆ ಮುದ್ದು ಬರ್ತಾಳಂತೆ, ವರ್ಷಕ್ಕೆ ಒಂದೇ ದಿನ. ಅಜ್ಜಿ ಅವಳ ಜೊತೆ ಮಾತಾಡ್ತಾರೆ, ನಾನು ಸುಮ್ಮನೆ ನಿಂತಿರಬೇಕು.” ಗಿಣಿ ದನಿ ತಗ್ಗಿಸಿದಳು. “ಅಮ್ಮಾ, ನಾನು ಉಸಿರಾಡಿದ್ರೆ ಅವಳಿಗೆ ಜಾಗ ಸಾಲಲ್ಲ...”

ಸೊಸೆ ಮಗಳನ್ನು ಎದೆಗವಚಿಕೊಂಡಳು. ಬೆರಳಿಗೆ ಪಕ್ಕೆಲುಬುಗಳು ಸಿಕ್ಕಿದವು. ಅಯ್ಯೋ, ಇದು ಯಾವಾಗ ಇಷ್ಟು ಇಳಿಯಿತು? ತಾನು ಸಾಲು ಬರೆಯುತ್ತ ಕೂತ ನಾಲ್ಕು ವರ್ಷ, ಮಗು ಒಳಗೊಳಗೇ ಇನ್ನೊಬ್ಬಳಿಗೆ ಜಾಗ ಬಿಟ್ಟುಕೊಡುತ್ತಿತ್ತು!

ಅತ್ತೆ ದಾರ ತರಲು ಅಂಗಡಿಗೆ ಹೋಗಿದ್ದರು. ಸೊಸೆ ಮುಂದಿನ ಕೋಣೆಗೆ ಹೋಗಿ ಯಂತ್ರದ ಡ್ರಾಯರಿನಿಂದ ಅಳತೆಯ ಪುಸ್ತಕವನ್ನು ಮೊದಲ ಸಲ ಕೈಗೆತ್ತಿಕೊಂಡಳು. ಪೆನ್ಸಿಲಿನ ಸಣ್ಣ ಅಂಕಿಗಳು. ಭುಜ, ಎದೆ, ಸೊಂಟ, ಉದ್ದ. ಪುಟ ಮಗುಚಿದಂತೆಲ್ಲ ಕಾಣದ ಹುಡುಗಿಯೊಬ್ಬಳು ಅರ್ಧರ್ಧ ಇಂಚು ಬೆಳೆಯುತ್ತ ಅವಳೆದುರು ಎದ್ದು ನಿಲ್ಲುತ್ತಿದ್ದಳು. ಆರನೆಯ ಪುಟದಲ್ಲಿ ಎದೆ ಇಪ್ಪತ್ನಾಲ್ಕು. ಏಳನೆಯ ಪುಟದಲ್ಲಿ...

ಅವಳು ಮತ್ತೊಮ್ಮೆ ಓದಿದಳು. ಇಪ್ಪತ್ತೆರಡೂವರೆ.

“ಯಾರನ್ನ ಕೇಳಿ ಮುಟ್ಟಿದೆ ಅದನ್ನ?”

ಬಾಗಿಲಲ್ಲಿ ಅತ್ತೆ. ಕೈಯಲ್ಲಿ ದಾರದ ಉಂಡೆಗಳು. “ಬಾಯಿಲ್ಲದವಳು ಅಂತ ಸಲುಗೆ ಕೊಟ್ರೆ ಡ್ರಾಯರಿಗೇ ಕೈ ಹಾಕ್ತೀಯಾ? ಇಡು ಕೆಳಗೆ!”

ಸೊಸೆ ಪುಸ್ತಕ ಕೆಳಗಿಡಲಿಲ್ಲ. “ಅತ್ತೆ... ಗಿಣಿ ಐದು ದಿನದಿಂದ ಶಾಲೇಲಿ ಊಟ ಮಾಡಿಲ್ಲ.”

“ಆಟದ ಹುಚ್ಚು. ಮಕ್ಕಳು ಹಾಗೇ.”

“ಆಟ ಅಲ್ಲ. ನಿಮ್ಮ ಮಗಳು ಒಳಗೆ ಬರಲಿ ಅಂತ ನನ್ನ ಮಗಳು ಉಪವಾಸ ಬಿದ್ದಿದ್ದಾಳೆ!”

ಆ ದನಿ ತನ್ನದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. ಅತ್ತೆಯೂ ಒಂದು ಕ್ಷಣ ಬೆಚ್ಚಿದರು. ಮರುಕ್ಷಣ ಗೋಗರೆಯುವಂತೆ ಹತ್ತಿರ ಬಂದರು. “ಇದೊಂದೇ ವರ್ಷ ತಾಯೀ. ಇದೊಂದೇ ಪುಟ ಉಳಿದಿರೋದು. ಇದಾದ ಮೇಲೆ ನಾನೇನೂ ಕೇಳಲ್ಲ. ಮೂರು ದಿನ ಸ್ವಲ್ಪ ಕಡಿಮೆ ತಿಂದ್ರೆ ಏನೂ ಆಗಲ್ಲ...”

“ಅತ್ತೆ, ನೀವು ಊರಿನ ಅರ್ಧ ಮಕ್ಕಳಿಗೆ ಬಟ್ಟೆ ಹೊಲಿದವರು. ನೀವೇ ಹೇಳಿ.” ಸೊಸೆ ಪುಸ್ತಕವನ್ನು ಅವರ ಕಣ್ಣೆದುರು ಹಿಡಿದಳು. “ಬೆಳೆಯೋ ಮಗುವಿನ ಎದೆ ಒಂದು ವರ್ಷದಲ್ಲಿ ಒಂದೂವರೆ ಇಂಚು ಕಡಿಮೆ ಆಗುತ್ತಾ?”

ದಾರದ ಉಂಡೆಗಳು ಅತ್ತೆಯ ಕೈಯಿಂದ ಜಾರಿ ನಾಲ್ಕು ದಿಕ್ಕಿಗೆ ಉರುಳಿದವು. ಅವರು ಆ ಅಂಕಿಯನ್ನು ನೋಡಲಿಲ್ಲ. ನೋಡುವ ಅಗತ್ಯವೇ ಇಲ್ಲವೆನ್ನುವಂತೆ ಸ್ಟೂಲಿನ ಮೇಲೆ ಕುಸಿದು ಕೂತರು. ಕೊನೆಗೆ ಬಂದ ದನಿ ಯಾವುದೋ ಪಾತಾಳದ್ದು.

“ಟೇಪು ಅಂದ್ಕೊಂಡೆ.”

“ಏನತ್ತೆ?”

“ಹಳೇ ಟೇಪು ಎಳೆದೆಳೆದು ಉದ್ದ ಆಗ್ತದೆ, ಅಳತೆ ಕಡಿಮೆ ತೋರಿಸ್ತದೆ. ನಮ್ಮ ಕಸುಬಿನೋರಿಗೆಲ್ಲ ಗೊತ್ತು.” ಅತ್ತೆ ಗಾಳಿಯಲ್ಲೇ ಟೇಪು ಹಿಡಿದಂತೆ ಕೈ ಎತ್ತಿದರು. “ಅವತ್ತು ಇಲ್ಲೇ ನಿಂತಿದ್ಲು. ‘ಅಮ್ಮಾ ಸುಸ್ತು, ಕೂತ್ಕೊಳ್ಲಾ’ ಅಂದ್ಲು. ‘ನೆಟ್ಟಗೆ ನಿಂತ್ಕೋ, ಇನ್ನೊಂದು ನಿಮಿಷ’ ಅಂತ ಗದರಿಸ್ದೆ. ಇಪ್ಪತ್ತೆರಡೂವರೆ ಬಂತು. ಈ ಹಾಳು ಟೇಪು ಅಂತ ಬೈದು, ಅಂಗಡಿಗೆ ಓಡಿ, ಹೊಸ ಟೇಪು ತಂದೆ. ಮತ್ತೆ ಹಿಡಿದೆ. ಅದೂ ಇಪ್ಪತ್ತೆರಡೂವರೆ! ಫ್ರಾಕಿನ ಅವಸರ... ಬರ್ಕೊಂಡೆ, ಕತ್ತರಿ ಹಾಕ್ದೆ.” ಅವರು ಎತ್ತಿದ ಕೈ ಇಳಿಸಿದರು. “ಟೇಪು ಬದಲಾಯಿಸ್ದೆ ಕಣಮ್ಮಾ... ಮಗುವನ್ನ ನೋಡ್ಲಿಲ್ಲ! ಒಳಗೊಳಗೇ ಕಾಯಿಲೆ ತಿಂತಿತ್ತು ಅವಳನ್ನ. ಡಾಕ್ಟರು ‘ಮೂರು ತಿಂಗಳು ಮುಂಚೆ ತಂದಿದ್ರೆ’ ಅಂದಾಗ, ಲೆಕ್ಕ ಹಾಕಿದ್ರೆ... ಇದೇ ಪುಟದ ದಿನ!”

ಮೂವತ್ತೊಂದು ವರ್ಷ ಯಾರಿಗೂ ಹೇಳದ ಮಾತು ಆ ಕೋಣೆಯಲ್ಲಿ ನೇತುಬಿದ್ದ ಬಟ್ಟೆಗಳ ನಡುವೆ ನಿಂತಿತು. ಅರೆಹೊಲಿದ ಬಿಳಿ ಫ್ರಾಕು ಯಂತ್ರದ ಸೂಜಿಯ ಕೆಳಗೆ ಬಿದ್ದಿತ್ತು. ತಾನು ಇಷ್ಟು ವರ್ಷ ಹೆದರಿದ್ದು ಈ ಮುದುಕಿಗೇ? ಮಗಳ ಕಾಯಿಲೆಯ ಅಳತೆಯನ್ನೇ ಮೊಮ್ಮಗಳಿಗೆ ತೊಡಿಸಲು ಹೊರಟಿದ್ದರಲ್ಲ! ಸಿಟ್ಟೂ ಕರುಣೆಯೂ ಸೊಸೆಯಲ್ಲಿ ಒಟ್ಟಿಗೇ ಉಕ್ಕಿದವು. ಸುಮ್ಮನೆ ನೆಲದಲ್ಲಿ ಕೂತು ಅತ್ತೆಯ ಮೊಣಕಾಲಿನ ಮೇಲೆ ಕೈ ಇಟ್ಟಳು.

“ಈ ವರ್ಷದಿಂದ ಹೊಸ ಪದ್ಧತಿ ಶುರು ಮಾಡೋಣ ಅತ್ತೆ,” ಎಂದಳು. “ಫ್ರಾಕಿಗೋಸ್ಕರ ಅಲ್ಲ. ವರ್ಷದ ಮೊದಲ ದಿನ ಮನೇಲಿ ಎಲ್ಲರ ಅಳತೆ ತೆಗೆದು ಬರೆದಿಡೋಣ. ಯಾರಾದ್ರೂ ಕಡಿಮೆ ಆಗಿದ್ರೆ ಗೊತ್ತಾಗಲಿ.”

ಅತ್ತೆ ಫ್ರಾಕನ್ನು ಕೈಗೆತ್ತಿಕೊಂಡು ಒಂದೊಂದೇ ಹೊಲಿಗೆ ಬಿಚ್ಚತೊಡಗಿದರು. ಸಂಜೆಯವರೆಗೂ ಬಿಚ್ಚುತ್ತಲೇ ಇದ್ದರು. ಅವರ ತುಟಿ ಅಲುಗುತ್ತಿತ್ತು. ಯಾರೊಡನೆ ಮಾತಾಡುತ್ತಿದ್ದಾರೆಂದು ಸೊಸೆ ಕೇಳಲಿಲ್ಲ.

ವರ್ಷದ ಮೊದಲ ಬೆಳಿಗ್ಗೆ ಹೊಸ ಪುಸ್ತಕ ತೆರೆಯಿತು. ಗಿಣಿ ಹೊಟ್ಟೆ ತುಂಬ ತಿಂಡಿ ತಿಂದು, ತೇಗುತ್ತ ಸ್ಟೂಲು ಹತ್ತಿದಳು. ಅತ್ತೆ ಟೇಪನ್ನು ಮಗುವಿನ ಎದೆಯವರೆಗೆ ತಂದು ಹಾಗೇ ಕೆಳಗಿಳಿಸಿದರು. “ನೀನೇ ಹಿಡಿ,” ಎಂದು ಸೊಸೆಗೆ ಕೊಟ್ಟರು. “ಹಾಗಲ್ಲ, ಬಿಗೀಬೇಡ. ಒಳಗೆ ಎರಡು ಬೆರಳು ಆಡಬೇಕು.” ಎದೆ ಇಪ್ಪತ್ತೈದು. ಅತ್ತೆ ಆ ಅಂಕಿಯನ್ನು ಬಾಯಲ್ಲೇ ಎರಡು ಸಲ ಹೇಳಿಕೊಂಡರು. ಆಮೇಲೆ ಗಂಡ ಬಂದು ನಿಂತ. “ಹೊಟ್ಟೆ ಮೂವತ್ತೆಂಟು!” ಎಂದು ಗಿಣಿ ಕೂಗಿದಾಗ, “ಟೇಪು ಸರಿಯಿಲ್ಲ” ಅನ್ನಲು ಬಾಯಿ ತೆರೆದವನು, ತಾಯಿಯ ಮುಖ ನೋಡಿ ಮುಚ್ಚಿಕೊಂಡ. ಸೊಸೆಯದಾಯಿತು. ಕೊನೆಗೆ ಅತ್ತೆಯದು. ಊರಿಗೆಲ್ಲ ಟೇಪು ಹಿಡಿದವರ ಅಳತೆಯನ್ನು ಈವರೆಗೆ ಯಾರೂ ತೆಗೆದಿರಲಿಲ್ಲ. ಬೆನ್ನ ಹಿಂದಿನಿಂದ ಟೇಪು ತರಲು ಸೊಸೆ ಎರಡೂ ತೋಳು ಚಾಚಿ ಅವರನ್ನು ಬಳಸಬೇಕಾಯಿತು. ಸೀಮೆಸುಣ್ಣದ ವಾಸನೆಯ ಆ ಮೈ ಹಕ್ಕಿಯಷ್ಟೇ ಹಗುರ. ಬಳಸಿದ ತೋಳನ್ನು ಅವಳು ಬೇಗ ತೆಗೆಯಲಿಲ್ಲ.

ನಾಲ್ಕು ಹೆಸರು, ನಾಲ್ಕು ಸಾಲು. ಗಿಣಿ ಪೆನ್ಸಿಲು ಎಸೆದು ಆಟಕ್ಕೆ ಓಡಿದಳು. ಗಂಡ ಕೆಲಸಕ್ಕೆ ಹೊರಟ. ಅತ್ತೆ ಮಾತ್ರ ಟೇಪನ್ನು ಸುತ್ತದೆ, ಖಾಲಿ ಸ್ಟೂಲಿನ ಪಕ್ಕ ನಿಂತೇ ಇದ್ದರು, ಹಿಂದೆ ಬರುವವರಿಗಾಗಿ ಬಾಗಿಲು ಹಿಡಿದು ನಿಂತವರಂತೆ.

“ಎಲ್ಲರದೂ ಆಯ್ತಾ?” ಎಂದು ಕೇಳಿದರು.

ಸೊಸೆಗೆ ಆಯ್ತು ಎನ್ನಲೂ ಆಗಲಿಲ್ಲ, ಇಲ್ಲ ಎನ್ನಲೂ ಆಗಲಿಲ್ಲ.

ಅತ್ತೆ ಇನ್ನೂ ಸ್ವಲ್ಪ ಹೊತ್ತು ಕಾದರು. ಆಮೇಲೆ ತಾವೇ, ನಿದ್ದೆಹೋದ ಮಗುವಿಗೆ ಎಚ್ಚರವಾಗದಿರಲಿ ಎಂಬಷ್ಟು ಮೆಲ್ಲಗೆ ಹೇಳಿದರು:

“ಹೂಂ... ಆಯ್ತು.”