ಬೀಗ ಹಾಕಿದ ಫೈಲು

“ನಿನ್ನೆ ಯಾಕ ಬರಲಿಲ್ಲ ನೀ?” ಕಂಪ್ಯೂಟರ್ ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ರಂಜನಾಳನ್ನು ಸುಂದರ ಕೇಳಿದ.

“ಜ್ವರ ಇತ್ತೋ. ಡಾಕ್ಟರ್ ಕಡೆ ಹೋಗಿದ್ವಿ. ನಮ್ಮ ಪ್ರಾಜೆಕ್ಟ್ ಹೆಂಗಾತು?”

“ಆಗಲೇ ಇಲ್ಲ,” ಎಂದಳು ಶೀತಲ್. “ಫೈಲ್ ಪಾಸ್‌ವರ್ಡ್ ಕೇಳ್ತು.”

ಇನ್ನೊಂದು ಚಪ್ಪಲಿ ರಂಜನಾಳ ಕಾಲಲ್ಲೇ ಉಳಿಯಿತು.

ಪುಣೆಯ ಆ ಶಾಲೆಯಲ್ಲಿ ಏಳನೇ ಕ್ಲಾಸಿನವರಿಗೆ ಮೂವರಿಗೊಂದು ಕಂಪ್ಯೂಟರ್, ಮೂವರಿಗೊಂದು ಪ್ರಾಜೆಕ್ಟ್. ಇವರದು ತಮ್ಮ ಬಡಾವಣೆಯ ಬಗ್ಗೆ, ‘ನಮ್ಮ ಯೆರವಡಾ’. ಮನೆಮಾತು ಕನ್ನಡವಿದ್ದ ಮೂವರನ್ನು ವಸಂತಿ ಟೀಚರ್ ಒಟ್ಟಿಗೆ ಹಾಕಿದ್ದರು. ಕೂಡಿ ಕೆಲಸ ಮಾಡುವುದನ್ನು ಕಲಿಯಲಿ ಎಂದು ಅವರ ಆಸೆ. ಆದರೆ ರಂಜನಾ ತಿಂಗಳಿಡೀ ಮೌಸ್ ಬಿಟ್ಟುಕೊಟ್ಟವಳೇ ಅಲ್ಲ! ಸುಂದರ ಒಮ್ಮೆ ಮುಟ್ಟಿ, ಒಂದು ಫೋಟೊ ಅಳಿಸಿಬಿಟ್ಟಿದ್ದ. ಅವತ್ತೇ ಅವಳು ಸಿಟ್ಟಿನಿಂದ ಫೈಲಿಗೆ ಬೀಗ ಹಾಕಿದ್ದಳು. ಯಾರಿಗೂ ಹೇಳಿರಲಿಲ್ಲ.

“ನಿಮ್ಮ ಮನಿಗೆ ಫೋನ್ ಮಾಡಿದ್ವಿ. ಯಾರೂ ಎತ್ತಲಿಲ್ಲ,” ಎಂದ ಸುಂದರ.

ಎಲ್ಲರ ಎದುರಿಗೆ ನಿಂತು ಪ್ರಾಜೆಕ್ಟ್ ಬಗ್ಗೆ ಮಾತಾಡುವುದಷ್ಟೇ ಅವನ ಕೆಲಸ. ಅದನ್ನೇ ಒಂದು ವಾರ ಬಾಯಿಪಾಠ ಮಾಡಿದ್ದ. ನಿನ್ನೆ ಪ್ರಾಜೆಕ್ಟ್ ನೋಡಲು ಪಾಲಕರೆಲ್ಲ ಬಂದಿದ್ದರು. ಶೀತಲಳ ಅವ್ವ ಬಿಸ್ಕಿಟ್ ಫ್ಯಾಕ್ಟರಿಗೆ ಅರ್ಧ ದಿನ ರಜೆ ಹಾಕಿ, ಮೊದಲ ಬೆಂಚಿನಲ್ಲಿ ಕೂತಿದ್ದಳಂತೆ. ಕೊನೆಗೆ ಟೀಚರ್ ಮೂವರಿಗೂ ಸೊನ್ನೆ ಹಾಕಿದರಂತೆ.

“ಇಷ್ಟೆಲ್ಲಾ ಹಾಕಿ ನೋಡಿದ್ವಿ.” ಶೀತಲ್ ನೋಟ್‌ಬುಕ್ಕಿನ ಕೊನೆಯ ಪುಟ ತೋರಿಸಿದಳು.

ರಂಜನಾಳ ಹುಟ್ಟಿದ ದಿನ. ಅವಳ ಅಜ್ಜಿ ಕಲ್ಲವ್ವನ ಹೆಸರು. ಅವಳಿಗೆ ಇಷ್ಟವಾದ ಪೇಡೆ. ಕಳೆದ ವರ್ಷ ಸತ್ತ ಅವಳ ಗಿಳಿ ಮಿಠ್ಠು. ಹದಿನಾಲ್ಕು ಸಾಲು ಇದ್ದವು, ಎಲ್ಲದರ ಮೇಲೂ ಗೀಟು.

ಶೀತಲ್ ಹುಟ್ಟಿದ ದಿನ ಯಾವುದು? ಸುಂದರನಿಗೆ ಏನು ಇಷ್ಟ? ರಂಜನಾ ಎಷ್ಟು ಯೋಚಿಸಿದರೂ ಒಂದೂ ಗೊತ್ತಾಗಲಿಲ್ಲ. ಅವಳಿಗೆ ಅಳು ಬಂದಂತಾಯಿತು.

ಅಷ್ಟರಲ್ಲಿ ವಸಂತಿ ಟೀಚರ್ ಬಂದರು. “ಮಾರ್ಕ್ಸ್ ಅಂತೂ ಹೋದ್ವು. ಏನ್ ಮಾಡೀರಿ, ನೋಡೇ ಬಿಡೋಣು. ಸುಂದರ, ನೀ ಟೈಪ್ ಮಾಡು. ರಂಜನಾ, ಪಾಸ್‌ವರ್ಡ್ ಹೇಳು.”

“ನಾನ ಟೈಪ್ ಮಾಡ್ತೀನ್ರಿ, ಟೀಚರ್...”

“ಬ್ಯಾಡ. ನೀ ಬರೇ ಹೇಳು.”

ಸುಂದರ ಒಂದು ಬೆರಳು ಎತ್ತಿ ಹಿಡಿದು ಕಾದ.

“ಕೆ,” ಎಂದಳು ರಂಜನಾ. “ಎ... ಟಿ... ಇನ್ನೊಂದು ಟಿ...”

ಶೀತಲ್ ಥಟ್ಟನೆ ಅವಳ ಮುಖ ನೋಡಿದಳು.

“ಇ.”

ಕತ್ತೆ. ಸುಂದರ ಹುಡುಕಿ ಹುಡುಕಿ ಆ ಕೊನೆಯ ಅಕ್ಷರವನ್ನೂ ಒತ್ತಿದ. “ಮುಗೀತ?”

ರಂಜನಾ ಇಲ್ಲವೆಂದು ತಲೆಯಾಡಿಸಿದಳು. “ಎರಡು,” ಎಂದಳು.

ಎರಡು ಕತ್ತೆಗಳು ಯಾರೆಂದು ತಿಳಿಯಲು ಸುಂದರನಿಗೆ ತಡವಾಗಲಿಲ್ಲ. ಒಮ್ಮೆ ಶೀತಲಳನ್ನು ನೋಡಿದ. ಆಮೇಲೆ ಎರಡು ಒತ್ತಿದ.

ಫೈಲು ತೆರೆಯಿತು. ಸುಂದರ ಕುರ್ಚಿ ಬಿಟ್ಟು ಎದ್ದು, ಮೌಸನ್ನು ರಂಜನಾಳ ಕಡೆ ಸರಿಸಿದ.

“ತೊಗೊ,” ಎಂದ.

ರಂಜನಾಳ ಕೈ ಮೇಲೇಳಲೇ ಇಲ್ಲ.